ಕೆಂಪು ಸ್ವಿಚ್ಚು

ಡೀಸೆಲ್ ಉಳಿಸಲೆಂದು ಫಾಲಾಕ್ಷ ತನ್ನ ಮೊಟ್ಟೆ ಸಾಗಿಸುವ ಪಿಕಪ್ಪಿಗೆ ಹೆಚ್ಚುವರಿ ಗೇರೊಂದನ್ನು ಹಾಕಿಸಲು ನಿರ್ಧರಿಸಿದ. ಗ್ಯಾರೇಜಿಗೆ ಗಾಡಿ ಬಿಟ್ಟು, ವಾರದ ಮೇಲೆ ಓಡಿಸಿಕೊಂಡು ಬಂದವಳು ಹೆಂಡತಿ ಗಿರಿಜೆ.

"ಈ ಕೆಂಪು ಸ್ವಿಚ್ ಹಾಕ್ಕೊಂಡು ಹೊರಡಿ. ಐವತ್ತು ದಾಟಿಸಿದ್ರೆ ಗೇರು ಕೆಟ್ಟುಹೋಗುತ್ತಂತೆ," ಎಂದಳು.

ಗಾಳಿಯಂತೆ ನುಗ್ಗುತ್ತಿದ್ದವನು ಅಂದಿನಿಂದ ಬಸುರಿಯನ್ನು ಕೂರಿಸಿಕೊಂಡವನಂತೆ ಓಡಿಸತೊಡಗಿದ. ತಿಂಗಳೊಳಗೆ ಮೈಲೇಜು ಲೀಟರಿಗೆ ಮೂರು ಕಿಲೋಮೀಟರ್ ಏರಿತು. ಒಂದು ಮೊಟ್ಟೆಯೂ ಒಡೆಯಲಿಲ್ಲ.

"ನೋಡಿದ್ಯಾ, ನನ್ನ ತಲೆ ಹೇಗಿದೆ!"

"ದೃಷ್ಟಿ ತೆಗೀಬೇಕು ಆ ತಲೆಗೆ," ಎಂದು ಗಿರಿಜೆ ನಕ್ಕಳು.

ಫಾಲಾಕ್ಷ ಮೈಸೂರುಪಾಕು ಕಟ್ಟಿಸಿಕೊಂಡು ಮೆಕ್ಯಾನಿಕ್ ಮೌಲಾನ ಬಳಿಗೆ ಹೋದ. "ನೀನು ಹಾಕಿದ ಗೇರು ಬಂಗಾರ ಕಣಯ್ಯಾ!"

ಮೌಲಾ ಮೂಲೆಯ ಡಬ್ಬದತ್ತ ನೋಡಿ ತಲೆ ಕೆರೆದುಕೊಂಡ.

"ಗೇರು ಇನ್ನೂ ಅದರಲ್ಲೇ ಇದೆಯಲ್ಲಾ ಅಣ್ಣ. ಬರೀ ಸ್ವಿಚ್ ಕೂರಿಸಪ್ಪ, ಸಾಕು ಅಂದಿದ್ರು ಅಕ್ಕ."