ಹಳೇ ಗೇರ್‌ಬಾಕ್ಸ್

ಹಳೇ ರೇಸ್ ಕಾರಿಗೆ ಗೇರ್‌ಬಾಕ್ಸ್ ಆರಿಸುವ ಕೆಲಸ ಮುತ್ತಣ್ಣನಿಗೆ ಬಿತ್ತು. ಇಪ್ಪತ್ತು ವರ್ಷ ಅದನ್ನು ಓಡಿಸಿದವನಿಗೆ ಕೊನೆಯದಾಗಿ ಒಂದು ರೇಸಿಗಿಳಿಯುವ ಆಸೆ. ಆದರೆ ಕಾರಿನ ಧಣಿಯ ಮಗನಿಗೂ ಅದೇ ಸೀಟಿನ ಮೇಲೆ ಕಣ್ಣು.

“ಹೊಸದು ಹಾಕಿದ್ರೆ ನಮ್ಮ ಹುಡುಗನೂ ಓಡಿಸ್ಬೋದಲ್ಲಯ್ಯಾ,” ಎಂದರು ಧಣಿ.

“ಹೊಸದನ್ನ ಯಾರು ಬೇಕಾದ್ರೂ ಓಡಿಸ್ತಾರೆ ಸಾರ್. ಹಳೇ ಕಾರಿಗೆ ಹಳೇದೇ ಮರ್ಯಾದೆ.”

“ಅದು ಮಾತೇ ಕೇಳಲ್ವಲ್ಲೋ.”

“ನನ್ನ ಕೈಯ ಮಾತು ಕೇಳತ್ತೆ. ಬೇರೆಯವರು ಹಾಕಿದ್ರೆ ಗೇರಿನ ಹಲ್ಲೇ ಮುರಿಯತ್ತೆ.”

ಧಣಿ ಒಪ್ಪಿದರು. ಮುತ್ತಣ್ಣ ಮೂರು ವಾರ ಕೂತು ಹಳೆಯದನ್ನೇ ಜೋಡಿಸಿದ.

ರೇಸಿನ ದಿನ ಧಣಿ ಅವನ ಕೈಗೆ ಹೆಲ್ಮೆಟ್ ಕೊಟ್ಟರು.

“ಪಕ್ಕದ ಸೀಟಲ್ಲಿ ಕೂತು ನೀನು ಗೇರ್ ಹಾಕು. ಕ್ಲಚ್ಚು, ಸ್ಟೀರಿಂಗು ಮಗ ನೋಡ್ಕೋತಾನೆ. ಫೋಟೋ ತೆಗೆಯೋವಾಗ ಸ್ವಲ್ಪ ಬಗ್ಗು.”