ಅರದ ಹಿಡಿಗೆ ಸವರಿದ ನೀಲಿ

ಗ್ಯಾರೇಜಿಗೆ ಯಾರೋ ಬಂದು ಹೋಗಿದ್ದರು. ಇದು ಮೂರನೆಯ ಶನಿವಾರ.

ವರ್ಲಿನ್ ಪಿಸ್ತೂಲನ್ನು ಕೈಗೆತ್ತಿಕೊಂಡು ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದ. ಬೆಳಿಗ್ಗೆ ಅರ್ಧ ದಾರಿಯಲ್ಲಿ ಕಚ್ಚಿ ನಿಂತಿದ್ದದ್ದು ಈಗ ಸದ್ದಿಲ್ಲದೆ ಸರಿಯಿತು. ಅಲುಗಾಟವಿಲ್ಲ, ಬಿಗಿತವೂ ಇಲ್ಲ. ನಲವತ್ತೊಂದು ವರ್ಷ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಮಾಡಿದವನಿಗೆ ಅದು ಎಂಥ ಕೈಯ ಕೆಲಸವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಕೈಯದಂತೂ ಅಲ್ಲ.

ಅವನ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಅಷ್ಟು ಸಾಲದೆಂಬಂತೆ, ಓಹಾಯೊದ ಆ ಸಣ್ಣ ಊರಿನ ಪಿಸ್ತೂಲು ಕ್ಲಬ್ಬಿನಲ್ಲಿ ಮೊದಲ ಹಿಮ ಬಿದ್ದ ದಿನವೇ ಕೊಚ್ಚಿಕೊಂಡಿದ್ದ. "ವಸಂತದ ಪಂದ್ಯಕ್ಕೆ ನಾನೇ ಕೂರಿಸಿದ ಪಿಸ್ತೂಲು ತರ್ತೀನಿ. ಕೂದಲೆಳೆ ತೂರೋಕೂ ಜಾಗ ಇರಲ್ಲ, ನೋಡ್ತಿರಿ."

ಆ ಪಂದ್ಯಕ್ಕೆ ಒಂದೇ ನಿಯಮ. ಪಿಸ್ತೂಲಿನ ಭಾಗಗಳನ್ನು ಮನೆಯಲ್ಲಿ, ಸ್ವಂತ ಕೈಯಿಂದ ಒಂದಕ್ಕೊಂದು ಕೂರಿಸಿರಬೇಕು. ಹಾಗೆಂದು ಎಲ್ಲರೆದುರು ಹೇಳಿ ಪುಸ್ತಕದಲ್ಲಿ ಸಹಿ ಹಾಕಬೇಕು. ಸುಳ್ಳು ಸಹಿ ಹಾಕಿದವನ ಜೊತೆ ಆಮೇಲೆ ಅಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಪಂದ್ಯ ನಾಳೆ.

ಕೂರಿಸುವ ರೀತಿ ಹೇಳುವುದಕ್ಕೆ ಸುಲಭ. ಒಂದು ಭಾಗಕ್ಕೆ ತೆಳ್ಳಗೆ ನೀಲಿ ಬಣ್ಣ ಸವರಿ ಇನ್ನೊಂದರೊಳಗೆ ತೂರಿಸಬೇಕು. ನೀಲಿ ಎಲ್ಲಿ ಹತ್ತಿತೋ ಅಲ್ಲಿ ಉಬ್ಬಿದೆ. ಅಲ್ಲಿ ಮಾತ್ರ ಅರದಿಂದ ಒಂದು ಉಜ್ಜು. ಮತ್ತೆ ನೀಲಿ, ಮತ್ತೆ ಉಜ್ಜು. ಒಂದು ಉಜ್ಜು ಹೆಚ್ಚಾದರೆ ಹೋದ ಉಕ್ಕು ಮರಳಿ ಬರುವುದಿಲ್ಲ. ನಡುಗುವ ಕೈ ಆ ಒಂದು ಉಜ್ಜಿಗೇ ಹೆದರಿ ಚಳಿಗಾಲವೆಲ್ಲ ಕಳೆದಿತ್ತು.

ವರ್ಲಿನ್ ಮನೆ ಬಿಡುವುದು ಶನಿವಾರ ಬೆಳಿಗ್ಗೆ ಮಾತ್ರ, ಕ್ಲಬ್ಬಿನ ಕಾಫಿಗೆ. ಇವತ್ತು ಹೊರಡುವ ಮುಂಚೆ ಅರದ ಹಿಡಿಯ ಅಡಿಗೂ ಅದೇ ನೀಲಿ ಸವರಿದ್ದ. ಸುಲಭಕ್ಕೆ ಒಣಗದ, ತೊಳೆದರೂ ಬಿಡದ ಬಣ್ಣ. ಒಬ್ಬ ಡಬ್ಬಿ ತೆರೆದರೆ ಅವನ ಅಜ್ಜಿಯ ಮೂಗೂ ನೀಲಿ ಎಂದು ಕಾರ್ಖಾನೆಯಲ್ಲಿ ನಗುತ್ತಿದ್ದರು. ಈಗ ನೋಡಿದರೆ ಹಿಡಿಯ ಮೇಲಿನ ನೀಲಿ ಯಾರದೋ ಬೆರಳಿಗೆ ಸಿಕ್ಕಿ ಕಲಸಿಹೋಗಿತ್ತು.

"ನೀಲಿ ಸುಳ್ಳು ಹೇಳಲ್ಲ," ಎಂದುಕೊಂಡು ಅವನು ಊಟಕ್ಕೆ ಹೋದ.

ಎಂದಿನಂತೆ ಮಗಳು ಜೋಲೀನ್ ಮತ್ತು ಅಳಿಯ ಟ್ರೆಂಟ್ ಅವನು ಕ್ಲಬ್ಬಿನಿಂದ ಮರಳುವ ಮೊದಲೇ ಬಂದಿದ್ದರು. ಟ್ರೆಂಟ್ ಕಂಪ್ಯೂಟರ್ ಯಂತ್ರದಲ್ಲಿ ಬಿಡಿಭಾಗ ಮಾಡುವವನು. ಮಾವನ ಬಾಯಲ್ಲಿ ಅವನ ಹೆಸರೇ ಗುಂಡಿ ಒತ್ತೋನು. ಒಳಗೆ ಅತ್ತೆ ತೊಳೆದ ಪಾತ್ರೆಗಳನ್ನು ಒರೆಸಿಟ್ಟು, ಆಲೂಗಡ್ಡೆಯ ಬೋಗುಣಿ ಹಿಡಿದು ಬಂದ.

ಬೋಗುಣಿ ಇಟ್ಟ ಕೈಯ ಅಂಗೈ ನೀಲಿ.

"ಗ್ಯಾರೇಜಲ್ಲಿ ಚಳಿ ಇತ್ತಾ?" ವರ್ಲಿನ್ ಕೇಳಿದ.

"ಇರ್ಬೇಕು. ನಿಮಗೇ ಗೊತ್ತು."

"ಕೈಗೇನೋ ಹತ್ತಿದೆಯಲ್ಲ."

ಟ್ರೆಂಟ್ ಅಂಗೈ ತಿರುಗಿಸಿ ನೋಡಿಕೊಂಡ. "ಎಲ್ಲಿ ಹತ್ತಿತೋ," ಎಂದು ಪ್ಯಾಂಟಿಗೆ ಒರೆಸಿಕೊಂಡ. ಏನು ನಾಟಕ ಆಡುತ್ತಾನಪ್ಪ ಎನಿಸಿತು ವರ್ಲಿನನಿಗೆ.

ಅಷ್ಟರಲ್ಲಿ ವರ್ಲಿನನ ಹೆಂಡತಿ ಆರ್ಡಿತ್ ಒಲೆಯ ದಪ್ಪ ಕೈಗವಸಿನಲ್ಲೇ ಮಾಂಸದ ತಟ್ಟೆ ತಂದಿಟ್ಟಳು. ಇಪ್ಪತ್ತಾರು ವರ್ಷ ಕಟ್ಟುಹಲ್ಲು ಮಾಡುವ ಕಡೆ ದುಡಿದವಳು. ಗಂಡ ಅದನ್ನು ಗೊಂಬೆಕೆಲಸ ಎನ್ನುತ್ತಿದ್ದ.

"ಮುಖ ಯಾಕೆ ಹಾಗಿದೆ? ಹಲ್ಲು ಒತ್ತುತ್ತಾ?" ಅವಳು ಕೇಳಿದಳು. "ತೆಗೆದು ಕೊಡು, ಸರಿ ಮಾಡ್ತೀನಿ."

"ಹಲ್ಲಿಗೇನೂ ಆಗಿಲ್ಲ. ನೀನು ಸುಮ್ನಿರು."

ಅವಳು ಗವಸು ಕಳಚದೆಯೇ ಒಲೆಯ ಕಡೆಗೆ ತಿರುಗಿದಳು. ವರ್ಲಿನ್ ಮತ್ತೆ ಟ್ರೆಂಟನ ಅಂಗೈ ನೋಡಿದ. ಹನ್ನೊಂದು ವರ್ಷ ಇದೇ ಮೇಜಿನಲ್ಲಿ, ಇದೇ ಹುಡುಗನನ್ನು, ಮಗಳೆದುರೇ ಆಡಿಕೊಂಡಿದ್ದ. ಅವನೋ ಒಂದು ಮಾತೂ ಆಡದೆ ಮಾವನ ಮಾನ ಕಾಯುತ್ತಿದ್ದಾನೆ. ನಾಚಿಕೆಯಿಂದ ವರ್ಲಿನ್ ತಲೆಯೆತ್ತದೆ ಊಟ ಮುಗಿಸಿದ.

ಮರುದಿನ, ಮನೆಯವರೆಲ್ಲ ಹಿಂದಿನ ಬೆಂಚಿನಲ್ಲಿ ಕೂತಿರಲು, ಕ್ಲಬ್ಬಿನ ಹಿರಿಯ ಹ್ಯಾರ್ಲನ್ ವರ್ಲಿನನ ಖಾಲಿ ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು ಸ್ಲೈಡನ್ನು ಎರಡು ಸಲ ಎಳೆದ. ಕೈಯಿಂದ ಕೈಗೆ ದಾಟಿಸಿದ. ಒಬ್ಬೊಬ್ಬರೂ ಎಳೆದು ನೋಡಿದರು.

"ಇಷ್ಟು ಚೆನ್ನಾಗಿ ಕೂತಿದ್ದನ್ನ ನಾನು ನೋಡೇ ಇಲ್ಲ ಕಣೋ," ಹ್ಯಾರ್ಲನ್ ಪುಸ್ತಕ ಬಿಚ್ಚಿ ಪೆನ್ನು ಚಾಚಿದ. "ಹೇಳು, ಯಾರ ಕೈ?"

ನನ್ನದು ಎಂದರೆ ಮುಗಿಯಿತು. ನಲವತ್ತೊಂದು ವರ್ಷದ ಹೆಸರು ಉಳಿಯುತ್ತದೆ. ವರ್ಲಿನ್ ಪೆನ್ನಿಗೆ ಕೈ ಚಾಚಿದ. ಕೈ ನಡುಗಿತು. ಹಿಂದೆಗೆಯಲು ಹೋದವನು ಹಾಗೆಯೇ ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ಕೊಳ್ಳಿ. ಈ ಕೈಯಲ್ಲಿ ಈಗ ಏನೂ ಆಗಲ್ಲ. ಇದು ನನ್ನ ಅಳಿಯನ ಕೆಲಸ. ಗುಂಡಿ ಒತ್ತೋನು ಅಂತ ಇಷ್ಟು ವರ್ಷ ಅಂದೆ. ತಪ್ಪಾಯ್ತು, ಟ್ರೆಂಟ್."

ಟ್ರೆಂಟನ ಕಿವಿ ಕೆಂಪಾಯಿತು. "ನಾನಲ್ಲ, ವರ್ಲಿನ್. ನನಗೆ ಅರ ಹಿಡಿಯೋಕೇ ಬರಲ್ಲ. ನಿಮ್ಮ ಗ್ಯಾರೇಜಿಗೆ ಯಾವತ್ತೂ ಕಾಲಿಟ್ಟಿಲ್ಲ."

"ನಿನ್ನ ಅಂಗೈ ನೀಲಿ ಇತ್ತು."

"ಅದು ಪಾತ್ರೆ ಒರೆಸಿದ ಅಡಿಗೆಮನೆ ಟವಲಿಂದ ಹತ್ತಿದ್ದು, ಆಮೇಲೆ ಗೊತ್ತಾಯ್ತು."

ಹಿಂದಿನ ಬೆಂಚಿನಿಂದ ಆರ್ಡಿತ್ ಎದ್ದು ಬಂದಳು, ಉಣ್ಣೆಯ ಕೈಗವಸು ಕಳಚಿದಳು, "ಕಟ್ಟುಹಲ್ಲನ್ನೂ ನಾವು ನೀಲಿ ಹಚ್ಚೇ ಕೂರಿಸ್ತಿದ್ವಿ," ಎಂದು ಗಂಡನ ಮುಖ ನೋಡದೆ ಹೇಳಿ, ಉಗುರಿನ ಸಂದಿಯೆಲ್ಲ ನೀಲಿಗಟ್ಟಿದ ಬೆರಳುಗಳಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು.