ಡ್ರಾ ಆದರೂ ಸಾಕಿತ್ತು

ಗ್ಲೌಸಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡಿಕೊಳ್ಳುವಾಗಲೇ ಪಂಕ್ಚರ್ ತೀರ್ಮಾನಿಸಿಬಿಟ್ಟಿದ್ದ. ಇವತ್ತು ಒಂದು ಗೋಲು ಬಿಟ್ಟುಕೊಡಬೇಕು. ಒಂದೇ ಸಾಕು. ಹೆಚ್ಚಾದರೆ ಅನುಮಾನ ಬರುತ್ತದೆ.

ಪಂಕ್ಚರ್ ಎಂಬುದು ಟೈರ್ ಅಂಗಡಿಯವನಿಗೆ ಊರು ಇಟ್ಟ ಹೆಸರು. ಇವತ್ತು ಸೋಲದಿದ್ದರೆ ಸಾಕು, ಡ್ರಾ ಆದರೂ ಸರಿ, ಊರಿನ ಫುಟ್ಬಾಲ್ ಕ್ಲಬ್ಬು ಸೆಮಿ-ಪ್ರೊ ಲೀಗಿಗೆ ಸೇರುತ್ತಿತ್ತು. ಅಲ್ಲಿ ಆಟಗಾರನಿಗೆ ತಿಂಗಳ ಸಂಬಳ. ಹಗಲು ಟೈರು, ಸಂಜೆ ಚೆಂಡು, ಎರಡು ಕಡೆಯ ಗಳಿಕೆ. ಸೋತರೆ ಮತ್ತೆ ಅದೇ ಧೂಳು, ಅದೇ ಪುಕ್ಕಟೆ ಆಟ.

ಈ ಲೆಕ್ಕ ಅವನಿಗೂ ಗೊತ್ತಿತ್ತು. ಆದರೆ ಕ್ಲಬ್ಬು ಐಸ್ ಫ್ಯಾಕ್ಟರಿ ಸಾಹುಕಾರನದು.

ಪಂಕ್ಚರನ ಅಣ್ಣ ಆ ಕ್ಲಬ್ಬಿನ ಫಾರ್ವರ್ಡ್ ಆಗಿದ್ದ. ಆ ಫ್ಯಾಕ್ಟರಿಯಲ್ಲೇ ಐಸ್ ಹೊರುತ್ತಿದ್ದ. ಸಾಹುಕಾರನ ಅಂಗಿ ತೊಟ್ಟು ಆಡುವಾಗಲೇ ಮಂಡಿಯ ಚಿಪ್ಪು ಒಡೆಯಿತು. ಆಸ್ಪತ್ರೆಯಿಂದ ಎದ್ದು ಕೆಲಸಕ್ಕೆ ಹೋದರೆ ಗೇಟಿನಲ್ಲೇ ಸಾಹುಕಾರ ನಿಂತಿದ್ದ. "ಕುಂಟು ಕುದುರೆಗೆ ಹುಲ್ಲು ಹಾಕೋಕೆ ನಾನೇನು ಧರ್ಮಛತ್ರ ಇಟ್ಟಿದೀನಾ?" ಎಂದಿದ್ದ. ಈಗ ಅಣ್ಣ ತಮ್ಮನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾನೆ.

ಅಂಥ ಸಾಹುಕಾರ ಹೋದ ವಾರ ತಾನಾಗಿಯೇ ಅಂಗಡಿ ಮುಂದೆ ಕಾರು ನಿಲ್ಲಿಸಿದ. ಇಳಿಯಲಿಲ್ಲ. ಗಾಜು ಇಳಿಸಿದ, ಅಷ್ಟೇ.

"ನಮ್ಮ ಗೋಲ್‌ಕೀಪರ್‌ಗೆ ಯಾಕೋ ಕೈ ನೋವಂತೆ. ಕೊನೇ ಪಂದ್ಯಕ್ಕೆ ನೀನು ನಿಲ್ತೀಯೇನೋ?"

"ನಾನು ಯಾರ ತಮ್ಮ ಅಂತ ಗೊತ್ತಿದ್ದೂ ಕೇಳ್ತಿದೀರಾ?"

"ಗೊತ್ತಿಲ್ದೆ ಏನು? ನಂಗೆ ನೀನೇ ಬೇಕು."

ಕೊಬ್ಬು ನೋಡು, ಎಂದುಕೊಂಡ ಪಂಕ್ಚರ್. ಒದ್ದ ಮನೆಗೇ ಬಂದು ಶಿಳ್ಳೆ ಹಾಕಿ ಕರೆಯುತ್ತಾನೆ, ನಾಯಿಯನ್ನು ಕರೆದ ಹಾಗೆ. ಆದರೂ "ಬರ್ತೀನಿ" ಎಂದ. ಅಷ್ಟು ಬೇಗ ಒಪ್ಪಿದ್ದು ಕಂಡೇ ಅಣ್ಣನಿಗೆ ಅನುಮಾನ ಬಂತು.

"ಏನೋ ಮಸಲತ್ತು ಮಾಡ್ತಿದೀಯ. ಬೇಡ ಕಣೋ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತ ಆದ್ಮೇಲೆ ಬರುತ್ತಾ? ಗೆಲ್ಲು, ಸಂಬಳ ತಗೋ. ಮಂಡಿ ನಂದು, ಉರಿ ನಿಂಗ್ಯಾಕೆ?"

"ನೀನು ಉರ್ಕೊಳ್ಳಲ್ವಲ್ಲ, ಅದಕ್ಕೆ."

ಸಾಹುಕಾರನ ಜೀವ ಲೀಗಿನಲ್ಲೇ ಇದೆ ಎಂಬುದರಲ್ಲಿ ಪಂಕ್ಚರನಿಗೆ ಸಂಶಯವೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಮೈಕ್ ಹಿಡಿದು, "ಅರ್ಹತೆ ಸಿಕ್ಕಿದ್ರೆ ಲೀಗಿಗೆ ಹೋಗೋದೇ! ಖರ್ಚೆಲ್ಲಾ ನಂದು!" ಎಂದು ಊರಿಗೆಲ್ಲ ಮಾತು ಕೊಟ್ಟ ಗಂಡಸು ಅವನು. ಆಮೇಲೊಮ್ಮೆ ಲಾರಿ ಟೈರ್ ಬದಲಿಸಲು ಫ್ಯಾಕ್ಟರಿಗೆ ಹೋದಾಗ ಪಂಕ್ಚರ್ ಕಣ್ಣಾರೆ ಕಂಡಿದ್ದ. ಲೀಗಿನವರು ಬಂದು ಕೂತು ಒಂದೊಂದೇ ಹೇಳುತ್ತಿದ್ದರು. ಮೈದಾನಕ್ಕೆ ದೀಪದ ಕಂಬ, ಸುತ್ತ ಗೋಡೆ, ಜನ ಕೂರಲು ಮೆಟ್ಟಿಲು, ಆಟಗಾರರಿಗೆ ಬಸ್ಸು, ಡಾಕ್ಟರು, ಸಂಬಳ. ಸಾಹುಕಾರ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಐಸಿನ ರಾಶಿಯ ಪಕ್ಕ ಕೂತವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಆಸೆ ಅಂದರೆ ಇದು! ಇದರ ಕುತ್ತಿಗೆಯನ್ನೇ ಹಿಸುಕಬೇಕು.

ಪಂದ್ಯ ಶುರುವಾಯಿತು. ಮನಸ್ಸು ಒಂದು ಹೇಳಿದರೆ ಕೈ ಇನ್ನೊಂದು ಮಾಡಿತು. ಎದುರಾಳಿ ಹತ್ತಿರದಿಂದಲೇ ಬಾರಿಸಿದ ಚೆಂಡಿಗೆ ಪಂಕ್ಚರ್ ಯೋಚಿಸುವ ಮೊದಲೇ ಹಾರಿ, ಬೆರಳ ತುದಿಯಿಂದ ಕಂಬದಾಚೆ ತಳ್ಳಿದ್ದ. ಮೈದಾನ ಗಂಟಲು ಹರಿದುಕೊಂಡಿತು. ಬೆಂಚಿನಲ್ಲಿದ್ದ ಹಳೇ ಗೋಲ್‌ಕೀಪರ್ ಎದ್ದು ನಿಂತು ಎರಡೂ ಕೈ ಸೇರಿಸಿ ಪಟಪಟ ಚಪ್ಪಾಳೆ ತಟ್ಟಿದ. ಕ್ಯಾಪ್ಟನ್ ಓಡಿಬಂದು ಕೆನ್ನೆ ಹಿಂಡಿದ. ಹೊಲಿಗೆ ಮಿಷನ್ ತುಳಿದು ಬದುಕುವ ದರ್ಜಿ ಅವನು.

"ಲೇ ಪಂಕ್ಚರ್, ಲೀಗಿಗೆ ಹೋದ್ರೆ ನಿಂಗೊಂದು ಸೂಟ್ ಹೊಲಿದು ಕೊಡ್ತೀನಿ ಕಣೋ!"

"ಅಳತೆ ತಗೊಂಡೇ ಹೇಳು. ಮಾತು ಎಲ್ರೂ ಹೊಲೀತಾರೆ."

ನಗು ತಾನಾಗಿಯೇ ಬಂದಿತ್ತು. ಹಾಫ್‌ಟೈಮಿನಲ್ಲಿ ನೀರು ಕುಡಿಯುತ್ತಾ ಅವನು ಮೊದಲ ಸಲ ಸಂಬಳದ ಬಗ್ಗೆ ಯೋಚಿಸಿದ. ಅಣ್ಣನ ಮಂಡಿಗೆ ಇನ್ನೊಂದು ಆಪರೇಷನ್. ಹಾಳಾಗಿ ಹೋಗಲಿ ಸೇಡು, ಹಿಡಿದೇಬಿಡೋಣ.

ಆಗ ಸಾಹುಕಾರ ಬಂದ. ಉಳಿದವರನ್ನೆಲ್ಲ ದಾಟಿ ನೇರ ಇವನ ಬಳಿಗೆ.

"ಚೆನ್ನಾಗೇ ಹಿಡೀತಿದೀಯಲ್ಲೋ." ಮುಖದಲ್ಲಿ ನಗುವಿರಲಿಲ್ಲ. "ನಿಮ್ಮಣ್ಣನ್ನ ನೋಡಿದ್ಯಾ? ಪಾಪ, ಮುಂದಿನ ಸಾಲಲ್ಲೇ ಕುರ್ಚಿ ಹಾಕ್ಸಿದೀನಿ. ಕುಂಟ್ರಿಗೆ ನನ್ ಮೈದಾನದಲ್ಲಿ ಯಾವತ್ತೂ ಜಾಗ ಇದೆಯಪ್ಪ. ನೋಡೋಕೆ."

ಪಂಕ್ಚರ್ ಬಾಯಲ್ಲಿದ್ದ ನೀರನ್ನು ಪಕ್ಕಕ್ಕೆ ಉಗಿದ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು. ಎರಡೂ ಕಡೆ ಸೊನ್ನೆ. ದೂರದಿಂದ ಒಂದು ಬಡಪಾಯಿ ಚೆಂಡು ನೆಲ ಸವರುತ್ತಾ ಬಂತು. ನಡೆಯಲು ಕಲಿತ ಮಗುವೂ ಹಿಡಿಯಬಹುದಾದ ಚೆಂಡು. ಪಂಕ್ಚರ್ ಬಗ್ಗಿದ, ಅಂಗೈ ಒಡ್ಡಿದ, ಮೊಣಕಾಲುಗಳನ್ನು ಒಂದಿಷ್ಟೇ ಅಗಲಿಸಿದ.

ಇಡೀ ಮೈದಾನದ ಗಾಳಿ ಒಮ್ಮೆಗೇ ಇಳಿಯಿತು.

ರೆಫರಿ ಕೊನೇ ಸೀಟಿ ಊದಿದಾಗ ದರ್ಜಿ ನೆಲದ ಮೇಲೆ ಕೂತು ಅಳುತ್ತಿದ್ದ. ಇನ್ಯಾರೋ ಇವನ ಅಮ್ಮನನ್ನು ಎತ್ತಿ ಬೈದರು. ಮುಂದಿನ ಸಾಲಿನಲ್ಲಿ ಅಣ್ಣ ಕುರ್ಚಿ ಹಿಡಿದು ಎದ್ದ. ತಮ್ಮನ ಕಡೆ ನೋಡದೆ ಕುಂಟುತ್ತಾ ಹೊರಟ. ಪಂಕ್ಚರ್ ಕದಲಲಿಲ್ಲ. ಒಂದೇ ಒಂದು ಮುಖ ನೋಡುವುದು ಬಾಕಿ ಇತ್ತು. ಅದಕ್ಕಾಗಿ ಸಂಬಳ, ಸೂಟು, ಅಣ್ಣನ ಮಂಡಿ ಎಲ್ಲವನ್ನೂ ಕೊಟ್ಟಿದ್ದ.

ಸಾಹುಕಾರ ಊರೆಲ್ಲ ಕಾಣುವಂತೆ ತಲೆ ಮೇಲೆ ಕೈ ಹೊತ್ತುಕೊಂಡು ನಡೆದು ಬಂದ. ಬಂದವನು ಹೊಡೆಯಲಿಲ್ಲ, ಬೈಯಲಿಲ್ಲ. ಪಂಕ್ಚರನನ್ನು ಬರಸೆಳೆದು ಅಪ್ಪಿಕೊಂಡ. ಎಂಥಾ ದೊಡ್ಡ ಮನಸ್ಸಪ್ಪ, ಎಂದು ಜನ ಲೊಚಗುಟ್ಟಿದರು.

"ಆ ಲೀಗಿಗೆ ಸೇರಿದ್ರೆ ಫ್ಯಾಕ್ಟರಿ ಮಾರ್ಕೋಬೇಕಿತ್ತು ಕಣೋ, ಬೇಡ ಅಂದ್ರೆ ಊರು ಬಿಡ್ತಿರ್ಲಿಲ್ಲ," ಸಾಹುಕಾರ ಅವನ ಕಿವಿಯಲ್ಲಿ ಉಸುರಿದ, "ಸೋಲ್ಸೋಕೆ ನಿನ್ನಷ್ಟು ನಂಬಿಕಸ್ಥ ನಂಗಿನ್ಯಾರು ಸಿಗ್ತಿದ್ರು?"